ಪ್ಲೀನಮ್: ಸೌದೆ ಫರ್ನೇಸಿನ ನೆತ್ತಿಯ ಮೇಲಿನ ತಗಡಿನ ಪೆಟ್ಟಿಗೆ

ಕಚೇರಿಗಳಲ್ಲಿ ಫಾಲ್ಸ್ ಸೀಲಿಂಗ್ ಮೇಲಿನ ಟೊಳ್ಳು ಜಾಗದಲ್ಲಿ ಗಾಳಿ ಹರಿಸಿದರೆ ಎ.ಸಿ. ಕೆಲಸದವರು ಅದನ್ನು ಪ್ಲೀನಮ್ ಎನ್ನುತ್ತಾರೆ. ಲ್ಯಾಟಿನ್ ಮೂಲದ ಪದ, ‘ತುಂಬಿದ್ದು’ ಎಂದರ್ಥ. ಹಂಚಿಕೆಯಾಗುವ ಮೊದಲು ಗಾಳಿ ಬಂದು ತುಂಬಿಕೊಳ್ಳುವ ಗೂಡು ಅದು. ಅಮೆರಿಕ, ಕೆನಡಾಗಳ ಚಳಿಯ ಊರುಗಳಲ್ಲಿ ನೆಲಮಾಳಿಗೆಯಲ್ಲಿ ಸೌದೆ ಅಥವಾ ಕಲ್ಲಿದ್ದಲಿನ ಫರ್ನೇಸ್ (ಮನೆ ಬೆಚ್ಚಗಿಡುವ ದೊಡ್ಡ ಒಲೆ) ಇರುವ ಮನೆಗಳಲ್ಲಿ ಪ್ಲೀನಮ್ ಎಂದರೆ ಆ ಫರ್ನೇಸಿನ ನೆತ್ತಿಗೆ ಕೂರಿಸಿದ ತಗಡಿನ ಪೆಟ್ಟಿಗೆ. ಉರಿಗೂಡಿನ ಹೊರಮೈ ಸವರಿ ಕಾದ ಗಾಳಿ ಮೊದಲು ಇಲ್ಲಿಗೇರಿ, ಆಮೇಲೆ ಡಕ್ಟ್‌ಗಳಲ್ಲಿ, ಅಂದರೆ ಗಾಳಿ ಸಾಗಿಸುವ ಕೊಳವೆಗಳಲ್ಲಿ, ಕೋಣೆಗಳಿಗೆ ಹೋಗುತ್ತದೆ. ಹೊಗೆ ಇದರೊಳಗೆ ಸುಳಿಯಲೇಬಾರದು. ಅದಕ್ಕೆ ಬೇರೆ ಕೊಳವೆ, ಬೇರೆ ಚಿಮಣಿ. ಮನೆಯ ತಣ್ಣನೆಯ ಗಾಳಿ ವಾಪಸು ಬಂದು ಸೇರುವ ಪೆಟ್ಟಿಗೆಯ ಹೆಸರು ರಿಟರ್ನ್ ಪ್ಲೀನಮ್.

ಗ್ಯಾಸ್ ಫರ್ನೇಸಿನ ಪ್ಲೀನಮ್ಮಿಗೂ ಇದಕ್ಕೂ ನೋಟದಲ್ಲಿ ವ್ಯತ್ಯಾಸ ಕಾಣದು. ಆದರೆ ಗ್ಯಾಸಿನ ಉರಿ ವಾಲ್ವ್ ಮುಚ್ಚಿದ ಕ್ಷಣ ಆರುತ್ತದೆ. ಸೌದೆಯದು ಹಾಗಲ್ಲ. ಬಚ್ಚಲ ಒಲೆಯಿಂದ ಕೊಳ್ಳಿ ಹಿರಿದ ಮೇಲೂ ಕೆಂಡಕ್ಕೆ ಹಂಡೆಯ ನೀರು ಕಾಯುತ್ತಲೇ ಇರುತ್ತದಲ್ಲ, ಇಲ್ಲೂ ಅದೇ. ಹಿಮಗಾಳಿಗೆ ಕರೆಂಟು ಹೋಯಿತೆನ್ನಿ: ಬಿಸಿಗಾಳಿ ತಳ್ಳುವ ಫ್ಯಾನ್ ನಿಲ್ಲುತ್ತದೆ, ಬೆಂಕಿ ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ಬಿಸಿಗಾಳಿ ತಾನಾಗಿಯೇ ಮೇಲೇರಿ ಹೋಗಲು ದಾರಿ ಇರಬೇಕು. ಡಕ್ಟ್ ಕೂರಿಸುವ ನಿಯಮಗಳಲ್ಲಿ ಹಲವು ಈ ಸಂದರ್ಭಕ್ಕಾಗಿಯೇ ಇವೆ.

ಆದ್ದರಿಂದ ಪ್ಲೀನಮ್ಮಿನ ಅಡ್ಡಳತೆ ಫರ್ನೇಸಿನ ನೆತ್ತಿಯ ಬಿಸಿಗಾಳಿ ಬಾಯಿಯಷ್ಟೇ ಇರಲಿ, ಎಲ್ಲಿಯೂ ಕಿರಿದು ಮಾಡಬೇಡಿ. ಡಕ್ಟ್‌ಗಳು ಮುಂದೆ ಹೋದಂತೆ ತುಸು ಏರುತ್ತಿರಲಿ. ಎಲ್ಲ ಕೋಣೆಗಳ ಜಾಲರಿಗಳನ್ನೂ ಒಟ್ಟಿಗೆ ಮುಚ್ಚುವಂತಿರಬಾರದು. ಒಂದಕ್ಕಾದರೂ ಮುಚ್ಚಳವೇ ಇಲ್ಲದಿರಲಿ.

ಸಾಮಗ್ರಿ ಜಿಂಕ್ ಲೇಪಿತ ಉಕ್ಕಿನ ತಗಡು, ಬೇರೇನೂ ಬೇಡ. ಗಾಜಿನ ನಾರಿನ ಡಕ್ಟ್ ಹಲಗೆ ತಾಳಿಕೊಳ್ಳುವುದು 121 ಡಿಗ್ರಿ ಸೆಲ್ಸಿಯಸ್‌ವರೆಗೆ. ಫ್ಯಾನ್ ನಿಂತಾಗ ಪ್ಲೀನಮ್ಮಿನ ಗಾಳಿ ಅದನ್ನು ದಾಟಬಹುದು. ಸುರುಳಿಯಂತೆ ಬಾಗುವ ಪ್ಲಾಸ್ಟಿಕ್ ಹೊದಿಕೆಯ ಡಕ್ಟ್ ಅಂತೂ ಕೂಡದು. ಕೀಲುಗಳಿಗೆ ತಗಡಿನ ಸ್ಕ್ರೂ ಬಿಗಿದು, ಮೇಲೆ ಶಾಖ ತಡೆಯುವ ಅಲ್ಯೂಮಿನಿಯಂ ಟೇಪು ಅಂಟಿಸಿ. ಬಟ್ಟೆಯ ಡಕ್ಟ್ ಟೇಪಿನ ಅಂಟು ಬಿಸಿಗೆ ಒಣಗಿ ಬಿಟ್ಟುಕೊಳ್ಳುತ್ತದೆ.

ಜನ ಹೆಚ್ಚಾಗಿ ತಪ್ಪುವುದು ಮರದಿಂದ ಬಿಡಬೇಕಾದ ಅಂತರದಲ್ಲಿ. ಇದರ ಅಳತೆ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಫರ್ನೇಸಿಗೆ ಅಂಟಿಸಿದ ಫಲಕದ ಅಂಕಿಯೇ ಅಂತಿಮ. ಪ್ಲೀನಮ್ ಮತ್ತು ಅದರಿಂದ ಹೊರಟ ಮೊದಲ ಕೆಲವು ಅಡಿ ಡಕ್ಟ್‌ಗೆ ಅಂತರ ಹೆಚ್ಚು, ಆಚೆಗೆ ಕಡಿಮೆ. ಒಂದೇ ಪದರದ ಹೊಗೆ ಕೊಳವೆಗಾದರೆ 18 ಇಂಚು. ‘ತೊಲೆಗೆ ತಾಗಿದೆ, ಆದರೂ ಹತ್ತು ವರ್ಷದಿಂದ ಏನೂ ಆಗಿಲ್ಲ’ ಎನ್ನುವ ಮಾತನ್ನು ನಂಬಬೇಡಿ. ಪ್ರತಿ ಚಳಿಗಾಲವೂ ಕಾದು ಕಾದು ಮರ ನಿಧಾನವಾಗಿ ಇದ್ದಿಲಾಗುತ್ತ ಬರುತ್ತದೆ. ಹೊಸ ಮರ ಹೊತ್ತಿಕೊಳ್ಳದ ಉಷ್ಣತೆಗೇ ಹಳೆಯದು ಹೊತ್ತಿಕೊಳ್ಳಬಹುದು. ತೊಲೆಗೆ ತಗಡು ಹೊಡೆದರೆ ಸಾಲದು, ತಗಡೂ ಕಾಯುತ್ತದೆ. ತಗಡಿಗೂ ಮರಕ್ಕೂ ನಡುವೆ ಗಾಳಿಯಾಡಬೇಕು.

ರಿಟರ್ನ್ ಡಕ್ಟನ್ನು ಮೇಲಿನ ಕೋಣೆಗಳಿಂದ ತನ್ನಿ. ಅದನ್ನು ನೆಲಮಾಳಿಗೆಯಲ್ಲೇ ತೆರೆದಿಟ್ಟರೆ ಫ್ಯಾನ್ ಆ ಕೋಣೆಯ ಗಾಳಿಯನ್ನೇ ಹೀರಿ, ಚಿಮಣಿಯ ಎಳೆತ ತಿರುಗುಮುರುಗಾಗಿ, ಹೊಗೆಯೂ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವೂ ಮನೆಯೊಳಗೆ ಬರಬಹುದು. ಕಲ್ಲಿದ್ದಲಿನ ಗಟ್ಟಿ ಬಗೆಯಾದ, ಅಮೆರಿಕದ ಪೆನ್ಸಿಲ್ವೇನಿಯದ ಆಂಥ್ರಸೈಟಿನಲ್ಲಿ ಕಣ್ಣಿಗೆ ಕಾಣುವ ಹೊಗೆ ತೀರಾ ಕಡಿಮೆ. ಹಾಗಾಗಿ ವಿಷಾನಿಲ ಬಂದದ್ದು ಮೂಗಿಗೂ ತಿಳಿಯದು. ಮೊನಾಕ್ಸೈಡ್ ಅಲಾರಂ ನೆಲಮಾಳಿಗೆಗೊಂದು, ಮಲಗುವ ಕೋಣೆಗಳ ಬಳಿ ಒಂದು ಬೇಕೇ ಬೇಕು.

ಈಗಿರುವ ಗ್ಯಾಸ್ ಫರ್ನೇಸಿನ ಡಕ್ಟಿಗೇ ಸೌದೆಯದನ್ನೂ ಜೋಡಿಸುವವರು ಅದರ ಬಿಸಿಗಾಳಿ ಹಳೆಯ ಫರ್ನೇಸಿನ ಫ್ಯಾನಿನ ಕಡೆಗೆ ಬರದಂತೆ ನೋಡಿಕೊಳ್ಳಬೇಕು. ಬಂದರೆ ಮೋಟರು ಸುಡುತ್ತದೆ. ಗಾಳಿ ತಣಿಸುವ ಎ.ಸಿ. ಕಾಯಿಲ್ ಇದ್ದರೆ ಇನ್ನೊಂದು ತೊಡಕು: ಬೇಸಿಗೆಯಲ್ಲಿ ತಣ್ಣನೆಯ ಗಾಳಿ ಸೌದೆ ಫರ್ನೇಸಿನ ಮೂಲಕ ಹಾದರೆ ಒಳಗೆ ನೀರು ಬೆವರಿ ಉರಿಗೂಡಿನ ಉಕ್ಕು ತುಕ್ಕು ಹಿಡಿಯುತ್ತದೆ. ನಡುವೆ ಡ್ಯಾಂಪರ್ (ಗಾಳಿಯ ದಾರಿ ಮುಚ್ಚುವ ತಗಡಿನ ಕದ) ಹಾಕಿಸಿ. ಚಳಿಗಾಲದ ಮೊದಲ ಬೆಂಕಿಗೆ ಮುನ್ನ ಉರಿಗೂಡಿನೊಳಗೆ ಟಾರ್ಚ್ ಬಿಟ್ಟು ಸೀಳು, ತೂತು ಇವೆಯೇ ನೋಡಿ. ಒಂದು ಸಣ್ಣ ತೂತಿದ್ದರೂ ಹೊಗೆ ನೇರ ಪ್ಲೀನಮ್ಮಿಗೆ ಬರಬಹುದು.