ಕಣದ ಬಿಸಿಲು, ಕೆನ್ನೆಯ ಕೆಂಪು

"ಕಣದಲ್ಲಿ ಕಾಫಿ ಒಣಗಿಸ್ತಾ ಇದ್ದಳು ಡಾಕ್ಟ್ರೇ, ಬಿಸಿಲಿಗೆ ಮುಖ ಸುಟ್ಟಿದೆ ಅಷ್ಟೇ." ಜನವರಿಯಲ್ಲಿ ಸೋಮವಾರಪೇಟೆ ಕಡೆಯ ತಾಯಿಯೊಬ್ಬರು ಮಗಳನ್ನು ಕರೆತಂದು ಹೀಗೆ ಹೇಳಿದರು. ಕೆಂಪು ಎರಡೂ ಕೆನ್ನೆಗೆ ಹರಡಿ ಮೂಗಿನ ಮೇಲೆ ಕೂಡಿತ್ತು, ಮೂಗಿನ ಪಕ್ಕದ ಗೆರೆಗಳಲ್ಲಿ ಮಾತ್ರ ಇರಲಿಲ್ಲ. ಬೆಳಿಗ್ಗೆ ಬೆರಳು ಮಡಚಲು ಆಗುವುದಿಲ್ಲ, ಮೂತ್ರದಲ್ಲಿ ನೊರೆ ಬರುತ್ತದೆ ಎಂದು ಹುಡುಗಿ ಆಮೇಲೆ ಮೆಲ್ಲಗೆ ಹೇಳಿದಳು. ಪರೀಕ್ಷೆಗಳೆಲ್ಲ ಬಂದಾಗ ಅದು ಲೂಪಸ್, ಅಂದರೆ ರೋಗನಿರೋಧಕ ವ್ಯವಸ್ಥೆ ನಮ್ಮದೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ.

ತಾಯಿಯ ಮಾತು ಪೂರ್ತಿ ತಪ್ಪಲ್ಲ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಚರ್ಮದ ಕೋಶಗಳು ಸಾಯುತ್ತವೆ. ಸಾಯುವಾಗ ಒಳಗೇ ಇರಬೇಕಾದ ಡಿಎನ್ಎ, ಹಿಸ್ಟೋನ್ ಮತ್ತು ರೋ ಎಂಬ ಪ್ರೋಟೀನುಗಳು ಕೋಶದ ಮೇಲೇಳುವ ಗುಳ್ಳೆಗಳಿಗೆ ಬಂದು ಕೂರುತ್ತವೆ. ಇವೇ ಆಟೋಆಂಟಿಜೆನ್‌ಗಳು. ನಮ್ಮದೇ ಸರಕು, ಆದರೆ ನಮ್ಮ ರೋಗನಿರೋಧಕ ವ್ಯವಸ್ಥೆಗೆ ಪರಕೀಯವಾಗಿ ಕಾಣುವಂಥದ್ದು.

ಕೋಶಗಳು ಎಲ್ಲರಲ್ಲೂ ಸಾಯುತ್ತವೆ, ಅಲ್ವಾ? ಮತ್ತೆ ಎಲ್ಲರಿಗೂ ಲೂಪಸ್ ಯಾಕಿಲ್ಲ? ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೊಯ್ಲಾದ ಮೇಲೆ ಉದುರಿದ ಹಣ್ಣನ್ನು ಆಯದೆ ಬಿಟ್ಟರೆ ಕಾಯಿಕೊರಕ ಅದರಲ್ಲೇ ಉಳಿದು ಮುಂದಿನ ಫಸಲಿಗೆ ಹತ್ತುತ್ತದೆ. ದೇಹದಲ್ಲೂ ಸತ್ತ ಕೋಶಗಳನ್ನು ಆಯುವ ಕೆಲಸ ದಿನವೂ ನಡೆಯುತ್ತದೆ. ಅದಕ್ಕೆ ಸಿ1ಕ್ಯೂ ಎಂಬ ಪ್ರೋಟೀನ್ ನೆರವಾಗುತ್ತದೆ, ಹುಟ್ಟಿನಿಂದಲೇ ಅದಿಲ್ಲದ ಅಪರೂಪದ ಜನರಲ್ಲಿ ಹೆಚ್ಚಿನವರಿಗೆ ಲೂಪಸ್ ಬರುತ್ತದೆ. ಆಯದೆ ಉಳಿದ ಡಿಎನ್ಎಗೆ ನಿರೋಧಕ ವ್ಯವಸ್ಥೆ ತಯಾರಿಸುವ ಪ್ರತಿಕಾಯ ಎಂಬ ಪ್ರೋಟೀನುಗಳು ಅಂಟಿಕೊಂಡು, ಆ ಗಂಟು ಕಿಡ್ನಿಯ ಜರಡಿಯಲ್ಲಿ ಸಿಕ್ಕಿ ಉರಿಯೂತ ಎಬ್ಬಿಸುತ್ತದೆ. ಜರಡಿ ಹಾಳಾಗಿ ಸೋರುವ ಪ್ರೋಟೀನೇ ಆ ನೊರೆ. ಅದೇ ಗಂಟು ನಿರೋಧಕ ಕೋಶಗಳ ಒಳಗೆ ಹೋಗಿ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಸಂಕೇತ ಹೊರಡಿಸುತ್ತದೆ, ಅದರಿಂದ ಪ್ರತಿಕಾಯ ಇನ್ನೂ ಜಾಸ್ತಿ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಈ ಸುತ್ತನ್ನೇ ತಗ್ಗಿಸುತ್ತದೆ.

ಇದು ಒಂದೇ ದಿನದಲ್ಲಿ ಆಗುವುದಲ್ಲ. ಅಮೆರಿಕದ ಸೇನೆ ಕೂಡಿಟ್ಟಿದ್ದ ರಕ್ತದ ಮಾದರಿಗಳನ್ನು ನೋಡಿದ 2003ರ ಅಧ್ಯಯನದಲ್ಲಿ, 130 ಲೂಪಸ್ ರೋಗಿಗಳ ಪೈಕಿ 115 ಜನರಿಗೆ ರೋಗ ಪತ್ತೆಯಾಗುವ ಮೊದಲೇ ತಮ್ಮದೇ ದೇಹದ ವಿರುದ್ಧದ ಇಂಥ ಪ್ರತಿಕಾಯಗಳಿದ್ದವು, ಕೆಲವರಲ್ಲಿ 9 ವರ್ಷ ಮೊದಲೇ. ಹಾಗಂತ ಇಂಥ ಪ್ರತಿಕಾಯ ಹುಡುಕುವ ಎಎನ್ಎ ಎಂಬ ರಕ್ತ ಪರೀಕ್ಷೆಯ ಪಾಸಿಟಿವ್ ರಿಪೋರ್ಟ್ ಹಿಡಿದು ಹೆದರಿ ಬರಬೇಡಿ, ಆರೋಗ್ಯವಂತರಲ್ಲೂ ಅದು ಪಾಸಿಟಿವ್ ಬರುತ್ತದೆ. ಸುಮ್ನೆ ಮೈ ಕೈ ನೋವಿಗೆ ಆ ಪರೀಕ್ಷೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ.

ಹುಡುಗಿಯನ್ನು ಕಿಡ್ನಿಯ ಚೂರು ತೆಗೆದು ನೋಡುವ ಬಯಾಪ್ಸಿಗೆ ಕಳಿಸಿದೆ, ಮಾತ್ರೆಗಳೂ ಶುರುವಾದವು. ಮೂರು ತಿಂಗಳಾದ ಮೇಲೆ ಬಂದಾಗ ಕೆನ್ನೆ ತಿಳಿಯಾಗಿತ್ತು. "ಇನ್ನು ಮಾತ್ರೆ ನಿಲ್ಲಿಸಬಹುದಾ ಡಾಕ್ಟ್ರೇ?" ಎಂದರು ತಾಯಿ. ಬೇಡಮ್ಮ ಎಂದು, ಮೂತ್ರ ಪರೀಕ್ಷೆಗೆ ಮತ್ತೆ ಚೀಟಿ ಬರೆದುಕೊಟ್ಟೆ.