ಸಾವಿನ ಪ್ರಮಾಣ ಹೆಚ್ಚಿದ್ದರೆ ಆಸ್ಪತ್ರೆ ಕೆಟ್ಟದ್ದೇ?

ಪ್ರಶ್ನೆ: ಒಂದು ಆಸ್ಪತ್ರೆಯಲ್ಲಿ ಹೃದಯ ಶಸ್ತ್ರಚಿಕಿತ್ಸೆಯ ನಂತರ ಸಾಯುವವರ ಪ್ರಮಾಣ ಶೇ 4, ಇನ್ನೊಂದರಲ್ಲಿ ಶೇ 2.5. ಎರಡನೆಯದೇ ಉತ್ತಮ ಎನ್ನಬಹುದಲ್ಲವೇ?

ಉತ್ತರ: ಅಷ್ಟರಿಂದಲೇ ಹೇಳಲಾಗದು. ಸತ್ತವರೆಷ್ಟು ಎಂಬುದರ ಜೊತೆಗೆ, ಅಲ್ಲಿಗೆ ಬಂದವರಲ್ಲಿ ಎಷ್ಟು ಸಾವು ನಿರೀಕ್ಷಿತವಾಗಿತ್ತು ಎಂಬುದೂ ಗೊತ್ತಿರಬೇಕು. ವಯಸ್ಸು, ಮಧುಮೇಹ, ಮೂತ್ರಪಿಂಡಗಳ ಸ್ಥಿತಿ, ರೋಗಿ ತುರ್ತಾಗಿ ದಾಖಲಾದರೇ ಎಂಬುದನ್ನೆಲ್ಲ ಹಿಡಿದು, ಎಲ್ಲ ಆಸ್ಪತ್ರೆಗಳ ಒಟ್ಟು ದಾಖಲೆಗಳಿಂದ ಪ್ರತಿ ರೋಗಿಯ ಅಪಾಯವನ್ನು ಅಂದಾಜಿಸುತ್ತಾರೆ. ಅವುಗಳ ಮೊತ್ತವೇ ನಿರೀಕ್ಷಿತ ಸಾವು.

ನಿಮ್ಮ ಅಂಕಿಗಳನ್ನೇ ತೆಗೆದುಕೊಳ್ಳೋಣ. ಎರಡೂ ಕಡೆ ತಲಾ 1,000 ಶಸ್ತ್ರಚಿಕಿತ್ಸೆ ನಡೆದಿದೆ ಎಂದಿಟ್ಟುಕೊಳ್ಳಿ. ಮೊದಲನೆಯದರಲ್ಲಿ 40 ಸಾವು. ಆದರೆ ಬೇರೆಡೆ ಕೈಚೆಲ್ಲಿದ ರೋಗಿಗಳೇ ಅಲ್ಲಿಗೆ ಬರುವುದರಿಂದ ನಿರೀಕ್ಷೆ 50. ಆದ ಸಾವನ್ನು ನಿರೀಕ್ಷಿತ ಸಾವಿನಿಂದ ಭಾಗಿಸಿದರೆ ಬರುವ ಅನುಪಾತ 0.8. ಎರಡನೆಯದರಲ್ಲಿ 25 ಸಾವು, ನಿರೀಕ್ಷೆ 20, ಅನುಪಾತ 1.25. ಲೆಕ್ಕ ತಲೆಕೆಳಗಾಯಿತು.

ಹಾಗೆಂದು ಎರಡನೆಯದನ್ನು ದೂರುವುದೂ ಅನ್ಯಾಯವೇ. ನಿರೀಕ್ಷೆ 20 ಇರುವಲ್ಲಿ, ಚಿಕಿತ್ಸೆಯಲ್ಲಿ ಯಾವ ಲೋಪವಿಲ್ಲದಿದ್ದರೂ ಸಾವಿನ ಸಂಖ್ಯೆ ಆಕಸ್ಮಿಕವಾಗಿ ಸುಮಾರು 11ರಿಂದ 29ರವರೆಗೆ ಏರಿಳಿಯಬಹುದು. 25 ಅದರೊಳಗೇ ಇದೆ. ಅದೇ ಆಸ್ಪತ್ರೆ 10,000 ಶಸ್ತ್ರಚಿಕಿತ್ಸೆ ಮಾಡಿ, ನಿರೀಕ್ಷೆ 200 ಇದ್ದು, 250 ಮಂದಿ ಸತ್ತಿದ್ದರೆ ಮಾತು ಬೇರೆ: ಆಗ ಮಿತಿ ಸುಮಾರು 172ರಿಂದ 228. ಅನುಪಾತ ಒಂದೇ, ಆದರೆ ಈಗ ಅದನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ. ಈ ಮಿತಿಗಳನ್ನು ಗೆರೆಯಾಗಿ ಎಳೆದರೆ ಚಿಕ್ಕ ಆಸ್ಪತ್ರೆಗಳಿರುವ ಕಡೆ ಅಗಲವಾಗಿ, ದೊಡ್ಡವುಗಳ ಕಡೆಗೆ ಕಿರಿದಾಗುತ್ತಾ ಹೋಗುವ ಆಲಿಕೆಯಾಕಾರದ ನಕ್ಷೆ ಬರುತ್ತದೆ. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಸ್ಪೀಗಲ್‌ಹಾಲ್ಟರ್ 2005ರಲ್ಲಿ ಆಸ್ಪತ್ರೆಗಳ ಹೋಲಿಕೆಗೆ ಇದನ್ನೇ ಪ್ರತಿಪಾದಿಸಿದರು. ಮೊದಲ ಸ್ಥಾನ, ಕೊನೆಯ ಸ್ಥಾನ ಎಂದು ಹಂಚುವ ಶ್ರೇಯಾಂಕ ಪಟ್ಟಿಗಿಂತ ಇದು ಎಷ್ಟೋ ಪ್ರಾಮಾಣಿಕ ಎಂಬುದು ನನ್ನ ದೃಢ ಅಭಿಪ್ರಾಯ.

ಭಾಜಕದ ಮೇಲೂ, ಅಂದರೆ ಸಾವುಗಳನ್ನು ಯಾವ ಸಂಖ್ಯೆಯಿಂದ ಭಾಗಿಸುತ್ತಾರೆ ಎಂಬುದರ ಮೇಲೂ, ಕಣ್ಣಿರಲಿ. 1863ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಪ್ರಕಟಿಸಿದ ಕೋಷ್ಟಕವೊಂದರಲ್ಲಿ ಲಂಡನ್ನಿನ 24 ಆಸ್ಪತ್ರೆಗಳ ಸಾವಿನ ಪ್ರಮಾಣ ಶೇ 90 ದಾಟಿತ್ತು. ವರ್ಷವಿಡೀ ಆದ ಸಾವುಗಳನ್ನು ಒಂದೇ ದಿನ ಒಳರೋಗಿಗಳಾಗಿದ್ದವರ ಸಂಖ್ಯೆಯಿಂದ ಭಾಗಿಸಿದ್ದರ ಫಲ ಅದು. ಸಮಕಾಲೀನರು ಸುಮ್ಮನಿರಲಿಲ್ಲ.

ಇನ್ನು, ಆಸ್ಪತ್ರೆಯೊಂದು ಮಿತಿಯ ಗೆರೆ ದಾಟಿದೆ ಎಂದರೆ ವಿಚಾರಣೆ ಆರಂಭವಾಗಬೇಕು ಎಂದಷ್ಟೇ ಅರ್ಥ. ಮೊದಲು ದಾಖಲೆ ಸರಿಯಿದೆಯೇ ನೋಡಬೇಕು. ರೋಗಿಗಳ ಮಧುಮೇಹವನ್ನು ಬರೆದುಕೊಳ್ಳದ ಆಸ್ಪತ್ರೆಯ ನಿರೀಕ್ಷಿತ ಸಾವು ತಾನಾಗಿಯೇ ಕಡಿಮೆ ಕಾಣುತ್ತದೆ. ಆಮೇಲೆ, ಲೆಕ್ಕಕ್ಕೆ ಸಿಗದ ಅಪಾಯವೇನಾದರೂ ಉಳಿದಿದೆಯೇ ಎಂದು ಕೇಳಬೇಕು. ಅದೂ ಇಲ್ಲವೆಂದಾದರೆ ಶಸ್ತ್ರಚಿಕಿತ್ಸಾ ಕೊಠಡಿ ಮತ್ತು ತೀವ್ರ ನಿಗಾ ಘಟಕಗಳ ಕಡೆ ತಿರುಗಬೇಕು, ತಡಮಾಡದೆ.