ಬೆನ್ನಿಗೆ ಕೈಹಾಕುವ ಮೊದಲು ಹೊಟ್ಟೆ ನೋಡಬೇಕು

ಹೋದ ಮಳೆಗಾಲದಲ್ಲಿ ಮಂಗಳೂರಿನ ನನ್ನ ಸೋದರಮಾವನಿಗೆ ಬಲಗಡೆ ಹೆಗಲಿನ ಹಿಂದೆ ನೋವು ಶುರುವಾಯಿತು. ಉಳುಕಿರಬೇಕು ಅಂತ ಎಲ್ಲರೂ ಅಂದೆವು. ಎಣ್ಣೆ ಹಚ್ಚಿ ತಿಕ್ಕಿದ್ದಾಯಿತು. ಬೆನ್ನುಮೂಳೆ ಸರಿ ಮಾಡುತ್ತೇನೆ ಅನ್ನುವವರೊಬ್ಬರ ಹತ್ತಿರ ಎರಡು ಸಲ ಹೋಗಿದ್ದೂ ಆಯಿತು. ಟಕ್ ಅಂತ ಸದ್ದು ಬಂತು, ನೋವು ಹೋಗಲಿಲ್ಲ. ಕೊನೆಗೆ ಸ್ಕ್ಯಾನಿಂಗ್‌ನಲ್ಲಿ ಕಂಡದ್ದು ಪಿತ್ತಕೋಶದ ಕಲ್ಲು. ಬೆನ್ನು ಒತ್ತಿದವರು ಒಮ್ಮೆಯೂ ಹೊಟ್ಟೆ ಮುಟ್ಟಿ ನೋಡಿರಲಿಲ್ಲ. ಊಟ ಆದ ಮೇಲೆ ನೋವು ಜಾಸ್ತಿ ಆಗುತ್ತಾ ಅಂತಲೂ ಕೇಳಿರಲಿಲ್ಲ.

ಯಾಕೆ ಕೇಳಲಿಲ್ಲ ಅಂತ ಹುಡುಕುತ್ತಾ ಹೋದರೆ ಕೈರೋಪ್ರಾಕ್ಟಿಕ್, ಅಂದರೆ ಕೈಯಿಂದ ಬೆನ್ನುಮೂಳೆ ಒತ್ತಿ ಸರಿ ಮಾಡುವ ಈ ಚಿಕಿತ್ಸೆ, ಹುಟ್ಟಿದ ಕಾಲಕ್ಕೇ ಹೋಗಬೇಕಾಗುತ್ತದೆ. 1895ರಲ್ಲಿ ಅಮೆರಿಕದ ಡಾವೆನ್‌ಪೋರ್ಟ್ ಊರಿನಲ್ಲಿ ಡಿ.ಡಿ. ಪಾಮರ್ ಇದನ್ನು ಶುರು ಮಾಡಿದರು. ನೂರರಲ್ಲಿ 95 ಕಾಯಿಲೆಗೆ ಜಾಗ ತಪ್ಪಿದ ಬೆನ್ನುಮೂಳೆಯೇ ಕಾರಣ ಅಂತ ಅವರು ಬರೆದರು. ಎಲ್ಲದಕ್ಕೂ ಬೆನ್ನೇ ಕಾರಣ ಅಂದಮೇಲೆ ಎದೆಗೆ ಕಿವಿಗೊಡುವ, ಹೊಟ್ಟೆ ಒತ್ತಿ ನೋಡುವ ಕೆಲಸ ಯಾರಿಗೆ ಬೇಕು?

ಆದರೆ ಅವರ ಶಾಲೆಯಲ್ಲಿ ಕಲಿತವರಿಗೇ ಇದು ಒಪ್ಪಿಗೆಯಾಗಲಿಲ್ಲ. 1906ರಲ್ಲಿ ಜಾನ್ ಹೋವರ್ಡ್ ಬೇರೆ ಶಾಲೆ ತೆರೆದು, 1908ರಲ್ಲಿ ಅದನ್ನು ಶಿಕಾಗೋಗೆ ಒಯ್ದರು. ಶವಛೇದನ ಮತ್ತು ರೋಗಪತ್ತೆ ಕಲಿಸಬೇಕು ಅನ್ನುವುದು ಅವರ ಹಟ. ಬೆನ್ನೊಂದೇ ಸಾಕು ಅನ್ನುವವರು ‘ಸ್ಟ್ರೈಟ್’, ಉಳಿದದ್ದೂ ಬೇಕು ಅನ್ನುವವರು ‘ಮಿಕ್ಸರ್’ ಅಂತ ಎರಡು ಬಣಗಳಾದವು. ಅಮೆರಿಕದ ರಾಜ್ಯಗಳಲ್ಲಿ ಇವರಿಗೆ ಲೈಸೆನ್ಸ್ ಕೊಡುವ ಕಾನೂನನ್ನು 1913ರಲ್ಲಿ ಕಾನ್ಸಾಸ್ ಮೊದಲು ಮಾಡಿತು, 1974ರಲ್ಲಿ ಲೂಸಿಯಾನ ಕೊನೆಯದು. ಲೈಸೆನ್ಸ್ ಬಂದ ಕಡೆಯೆಲ್ಲ ಪರೀಕ್ಷೆಯೂ ಬಂತು, ಪರೀಕ್ಷೆಯ ಜೊತೆ ರೋಗಪತ್ತೆಯ ಪಾಠವೂ ಬಂತು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪೂರ್ಣ ತರಬೇತಿಗೆ ಕನಿಷ್ಠ 4,200 ಗಂಟೆ ಬೇಕು ಅಂದಿತು.

ಆ ಪಾಠದಲ್ಲಿ ನನಗೆ ತುಂಬಾ ಇಷ್ಟವಾದದ್ದು ಎದೆ ತಟ್ಟಿ ನೋಡುವುದು. ನಮ್ಮ ಕಡೆ ಹಲಸಿನಹಣ್ಣನ್ನು ಬೆರಳಲ್ಲಿ ತಟ್ಟಿ ಹಣ್ಣಾಗಿದೆಯಾ ಅಂತ ಹೇಳುತ್ತಾರಲ್ವಾ, ಹಾಗೇ. ವಿಯೆನ್ನಾದ ವೈದ್ಯ ಔವೆನ್‌ಬ್ರುಗ್ಗರ್ 1761ರಲ್ಲಿ ಇದನ್ನು ಬರೆದಿಟ್ಟರು. ವಿದ್ಯಾರ್ಥಿ ಎಡಗೈಯ ನಡುಬೆರಳನ್ನು ಪಕ್ಕೆಲುಬುಗಳ ನಡುವೆ ಒತ್ತಿಡುತ್ತಾನೆ, ಬಲಗೈಯ ನಡುಬೆರಳ ತುದಿಯಿಂದ ಅದರ ಮೇಲೆ ಹೊಡೆಯುತ್ತಾನೆ. ಗಾಳಿ ತುಂಬಿದ ಶ್ವಾಸಕೋಶ ಟೊಳ್ಳಾಗಿ ದನಿಗೊಡುತ್ತದೆ. ಬಲಗಡೆ ಕೆಳಗಿಳಿದರೆ ಸದ್ದು ಮಂಕಾಗುತ್ತದೆ, ಅಲ್ಲಿ ಲಿವರ್. ಎದೆಯ ಬುಡದಲ್ಲಿ ಟೊಳ್ಳು ದನಿ ಬರಬೇಕಾದ ಕಡೆ ಮಂಕು ಸದ್ದು ಬಂದರೆ ನೀರು ತುಂಬಿರಬಹುದು. ಬೆರಳು ಇದನ್ನು ಒಂದೇ ದಿನದಲ್ಲಿ ಕಲಿಯುವುದಿಲ್ಲ.

ಒಳಗಿನ ನೋವು ಹೊರಗೆ ಬೇರೆಲ್ಲೋ ಕಾಣುವುದಕ್ಕೂ ಕಾರಣವಿದೆ. ಪಿತ್ತಕೋಶದ ಉರಿ ವಪೆಗೆ, ಅಂದರೆ ಎದೆ–ಹೊಟ್ಟೆ ನಡುವಿನ ಸ್ನಾಯುಪರದೆಗೆ, ತಾಗುತ್ತದೆ. ವಪೆಯ ನರವೂ ಹೆಗಲ ಚರ್ಮದ ನರವೂ ಮಿದುಳುಬಳ್ಳಿಯ ಒಂದೇ ಮಟ್ಟಕ್ಕೆ ಬಂದು ಸೇರುತ್ತವೆ. ಮಿದುಳು ನೋವನ್ನು ಹೆಗಲಿನ ಲೆಕ್ಕಕ್ಕೆ ಬರೆಯುತ್ತದೆ. ಕಿಡ್ನಿ ಕಲ್ಲಿನ ನೋವು ಸೊಂಟದಿಂದ ತೊಡೆಸಂದಿಗೆ ಇಳಿಯುತ್ತದೆ. ಹೃದಯದ ನೋವು ಎಡತೋಳಿಗೆ, ದವಡೆಗೆ, ಬೆನ್ನಿಗೂ ಬರಬಹುದು.

ಪತ್ತೆ ಹಚ್ಚುವುದು ಒಂದು, ಬೆನ್ನು ಒತ್ತಿ ವಾಸಿ ಮಾಡುವುದು ಇನ್ನೊಂದು. ಸೊಂಟನೋವಿಗೆ ಬೆನ್ನಿನ ಚಿಕಿತ್ಸೆಯಿಂದ ಸ್ವಲ್ಪ ಪ್ರಯೋಜನ ಇದೆ. ಎದೆ, ಹೊಟ್ಟೆಯ ಕಾಯಿಲೆಗೆ ಅಂಥ ಆಧಾರ ಸಿಕ್ಕಿಲ್ಲ. ಮಕ್ಕಳ ಅಸ್ತಮಾ ಬಗ್ಗೆ 1998ರಲ್ಲಿ ಬಂದ ಅಧ್ಯಯನದಲ್ಲಿ ನಿಜವಾದ ಚಿಕಿತ್ಸೆಗೂ ಸುಮ್ನೆ ಮಾಡಿದ ನಟನೆಗೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ವಿದ್ಯಾರ್ಥಿಗೆ ಎದೆ, ಹೊಟ್ಟೆಯ ಪಾಠ ಬೇಕಿರುವುದು ಮುಖ್ಯವಾಗಿ ಯಾವಾಗ ಕೈ ಹಿಂದೆ ತೆಗೆಯಬೇಕು ಅಂತ ತಿಳಿಯುವುದಕ್ಕೆ ಅಂತ ನಾನು ನಂಬುತ್ತೇನೆ.

ನಮ್ಮ ದೇಶದಲ್ಲಿ ಕೈರೋಪ್ರಾಕ್ಟಿಕ್‌ಗೆ ಪ್ರತ್ಯೇಕ ಕೌನ್ಸಿಲ್ ಇಲ್ಲ. ಫಿಸಿಯೊಥೆರಪಿ 2021ರ ಕೇಂದ್ರ ಕಾನೂನಿನ ಕೆಳಗೆ ಬಂದಿದೆ. ಮಂಗಳೂರಿನಲ್ಲಿ ಫಿಸಿಯೊಥೆರಪಿ ಕಲಿಯುವ ಮಕ್ಕಳು ಬೇಕಾದಷ್ಟಿದ್ದಾರೆ, ಆಸ್ಪತ್ರೆಯ ವಾರ್ಡಿನಲ್ಲೇ ಎದೆಯ ಸದ್ದು ಕೇಳಿ ಕಲಿಯುತ್ತಾರೆ. ಆದರೆ ಮೊಬೈಲಿನಲ್ಲಿ ಬೆನ್ನು ಮುರಿಯುವ ವಿಡಿಯೋ ನೋಡಿ ಹೋಗುವವರು, ಅಲ್ಲಿರುವವರು ಎಲ್ಲಿ ಕಲಿತವರು ಅಂತ ಕೇಳುವುದೇ ಇಲ್ಲ. ನಾವೂ ಕೇಳಿರಲಿಲ್ಲ. ಮಾವನ ಪಿತ್ತಕೋಶ ತೆಗೆದ ಮರುದಿನ ಹೆಗಲು ಹೇಗಿದೆ ಅಂತ ಕೇಳಿದೆ. ತೋಳೆತ್ತಿ ತೋರಿಸಿದರು.